ಬಿಟ್ಟ ಜಾಗ

ಮನೆ ಕಟ್ಟಿ ನೋಡು ಅಂತಾರಲ್ಲ,
ಈ ಬೀದಿಯಲ್ಲಿ ಸರ್ಕಾರ ಅರ್ಧ ಕಟ್ಟಿ ನೋಡಿತು.
ಮೂರು ಮೀಟರು ಮನೆ, ಪಕ್ಕಕ್ಕೆ ಮೂರು ಮೀಟರು ಆಕಾಶ,
ಮತ್ತೆ ಮನೆ, ಮತ್ತೆ ಆಕಾಶ;
ಹಾಲುಹಲ್ಲು ಉದುರುವ ಮಗು ನಕ್ಕ ಹಾಗೆ
ಮರಳುಗುಡ್ಡದ ಬುಡದಲ್ಲಿ ಎಪ್ಪತ್ತೆರಡು ಬಾಗಿಲು.
ಗೋಡೆ, ಸೂರು, ಮೆಟ್ಟಿಲು, ಕೊಳಾಯಿ ನಮ್ಮದು,
ಮಿಕ್ಕಿದ್ದು ನಿಮ್ಮದು, ಎಂದು
ಬೀಗದಕೈ ಕೊಟ್ಟು ಹೋದರಂತೆ.

ಹದಿನಾರು ವರ್ಷವಾಯಿತು.
ನಾನು ನಗರಸಭೆಯಿಂದ ಬಂದಿದ್ದೇನೆ,
ಒಂದು ಟೇಪು, ಒಂದು ಪೆನ್ಸಿಲು, ಎಪ್ಪತ್ತೆರಡು ನಮೂನೆ.
ಬಿಟ್ಟ ಜಾಗದಲ್ಲಿ ಯಾರು ಏನು ಕಟ್ಟಿದರೋ ಅಳೆಯಬೇಕು.

ಇದು ಇಕೀಕೆ. ಒಂದು ಕಡೆ ಪೆಸಿಫಿಕ್,
ಇನ್ನೊಂದು ಕಡೆ ಮಳೆಯ ಹೆಸರು ಮರೆತ ಮರುಭೂಮಿ.
ಬೆಳಗಿನ ಮಂಜು ಕಡಲಿಂದೆದ್ದು ಬಂದು
ತಂತಿಯ ಮೇಲಿನ ಅಂಗಿಗಳನ್ನು ಮುಟ್ಟಿ ನೋಡಿ
ಒಂದು ಹನಿಯನ್ನೂ ಬಿಡದೆ ಹೋಗುತ್ತದೆ.

ಮೂರನೇ ನಂಬರು, ಯಾಸ್ನಾ ಕೋಲ್ಕೆ.
ಪ್ಲೈವುಡ್ ಗೋಡೆ; ನೀಲಿ, ದೋಣಿಗೆ ಬಳಿದು ಉಳಿದ ನೀಲಿ.
ಕೆಳಗೆ ಬ್ರೆಡ್ಡಿನ ಒಲೆ, ಮೇಲೆ ಮಗನ ಡ್ರಮ್ಮು.
ಇದು ವಾಸಕ್ಕೋ, ವ್ಯಾಪಾರಕ್ಕೋ? ಕೇಳಿದೆ.
ಬೇಯುವಾಗ ವ್ಯಾಪಾರ, ವಾಸನೆ ಮೇಲೇರಿದರೆ ವಾಸ, ಅಂದಳು.
ಎರಡು ಚೌಕಗಳ ನಡುವೆ
ಪೆನ್ಸಿಲಿಗೆ ಕಾಲೂರಲು ಜಾಗವಿಲ್ಲ.

ಎಂಟರಲ್ಲಿ ಹೈತಿಯಿಂದ ಬಂದ ವಿಲ್ನೆರ್
ಬಾಡಿಗೆಗೆ ಹಿಡಿದ ಅರ್ಧದ ಅರ್ಧ:
ಒಂದು ಕನ್ನಡಿ, ಒಂದು ತಿರುಗುವ ಕುರ್ಚಿ,
ಕತ್ತರಿಸಿದ ಕೂದಲು ಯಾವ ದೇಶದ್ದೋ ನೆಲಕ್ಕೆ ಗೊತ್ತಿಲ್ಲ.
ಒಂಬತ್ತರಲ್ಲಿ ಮಾಮಾನಿ ಅಣ್ಣತಮ್ಮಂದಿರು
ಒಬ್ಬ ಇಟ್ಟಿಗೆ, ಒಬ್ಬ ತಗಡು,
ಮಾತು ಬಿಟ್ಟ ಮೇಲೂ ಗೋಡೆ ಮಾತ್ರ ಒಂದೇ.

ಹದಿನಾಲ್ಕು.
ಇಲ್ಲಿ ಆಕಾಶ ಹಾಗೇ ಇದೆ.
ಬಣ್ಣದ ಡಬ್ಬದಲ್ಲೊಂದು ನಿಂಬೆಗಿಡ, ಎರಡು ಸ್ಟೂಲು,
ಅಂಚಿನಲ್ಲಿ ಕೂತು ಬಟಾಣಿ ಸುಲಿಯುತ್ತಿರುವ ಓತಿಲಿಯಾ.
ಏನೂ ಕಟ್ಟಲಿಲ್ಲವೇ ಅಮ್ಮಾ?

ಊರಾಚೆ ಪೂರ್ತಿ ಮನೆ ಕೊಡ್ತೀವಿ ಅಂದಿದ್ದರು ಮೊದಲು,
ಬಸ್ಸಿನಲ್ಲಿ ಒಂದೂವರೆ ಗಂಟೆ.
ಪೂರ್ತಿ ಮನೆಯಲ್ಲಿ ಕೂತು ಯಾರ ಮುಖ ನೋಡಲಿ?
ಅರ್ಧವೇ ಇರಲಿ, ಇಲ್ಲೇ ಇರಲಿ ಅಂದೆ.
ಇಟ್ಟಿಗೆಯನ್ನೂ ತರಿಸಿದ್ದೆ.
ಅಷ್ಟರಲ್ಲಿ ಆ ರಾತ್ರಿ ನೆಲ ನಡುಗಿತು,
ಕಡಲು ಬರುತ್ತಿದೆ ಎಂದು ಸೈರನ್ ಕೂಗಿತು.
ಸಾಲುಮನೆ, ಗುಡ್ಡಕ್ಕೆ ಎಲ್ಲೂ ಸಂದಿಲ್ಲ,
ಎಲ್ಲರೂ ತುಂಬಿಬಿಟ್ಟಿದ್ದರು, ನಾನೊಬ್ಬಳು ತಡ.
ಕೆಳಗಿನ ಬೀದಿಯೆಲ್ಲ ಇದರೊಳಗಿಂದ ಗುಡ್ಡ ಹತ್ತಿತು.
ಟಾರ್ಚು ಹಿಡಿದು ನಿಂತು ಎಣಿಸಿದೆ:
ಮುನ್ನೂರ ಹನ್ನೊಂದು ಜನ,
ತಳ್ಳುಗಾಡಿಯಲ್ಲಿ ಒಬ್ಬ ಅಜ್ಜ,
ಎರಡು ನಾಯಿ, ಒಂದು ಹೊಲಿಗೆ ಮಿಷನ್ನು.

ಕಡಲು ಆ ರಾತ್ರಿ ಬರಲಿಲ್ಲ,
ಬಂದಿದ್ದರೆ, ಎಂದು ಬಟಾಣಿ ಸುಲಿದಳು.

ಒಳಗಿನಿಂದ ಪಾತ್ರೆಯ ಸದ್ದು, ಬೇಕಾದ್ದಕ್ಕಿಂತ ಜೋರು.
ಮಗಳು ರೋಸಾಲ್ಬಾ, ಮೂವತ್ತು ದಾಟಿದವಳು,
ಇಂದಿಗೂ ಅಡುಗೆಮನೆಯಲ್ಲೇ ಹಾಸಿಗೆ ಬಿಡಿಸುತ್ತಾಳೆ.
ಊರಿಗೆ ದಾರಿ ಕೊಟ್ಟಳು ಅಮ್ಮ,
ನನಗೊಂದು ಬಾಗಿಲು ಕೊಡಲಿಲ್ಲ, ಬರ್ಕೊಳ್ಳಿ ಅದನ್ನೂ.
ನನ್ನ ನಮೂನೆಯಲ್ಲಿ ಅದಕ್ಕೆ ಅಂಕಣವಿಲ್ಲ.

ಟೇಪು ಎಳೆದೆ. ಮೂರು ಮೀಟರು, ಕೂದಲಷ್ಟೂ ಹೆಚ್ಚಿಲ್ಲ.
ಎತ್ತರ ಅಳೆಯಲು ಹೋಗಿ ಕೈಬಿಟ್ಟೆ.
ವಾಸ, ವ್ಯಾಪಾರ, ಅಪೂರ್ಣ, ಇರುವುದು ಮೂರೇ ಚೌಕ.
ಅಪೂರ್ಣವೆಂದರೆ ಬರುವ ವರ್ಷ ನೋಟೀಸು,
ಆಮೇಲೆ ಯಾರೋ ಹರಾಜು ಕೂಗುತ್ತಾರೆ.

ಮೂರರ ಕೆಳಗೆ ನಾನೇ ಒಂದು ಚೌಕ ಗೀಚಿದೆ,
ಪಕ್ಕದಲ್ಲಿ ಬರೆದೆ: ದಾರಿ.
ಪೆನ್ಸಿಲನ್ನು ಕಚೇರಿಯಲ್ಲಿ ಉಜ್ಜಿಬಿಡುತ್ತಾರೆ.
ಪೆನ್ನಿದೆಯೇ? ಎಂದು ಒಳಗೆ ಕೇಳಿದೆ.
ರೋಸಾಲ್ಬಾ ಬಾಗಿಲಿಗೆ ಬಂದು ನಿಂತಳು,
ನಿಂಬೆಗಿಡ ನೋಡಿದಳು, ಗುಡ್ಡ ನೋಡಿದಳು.
ಕೊಟ್ಟಳು.
ತಡ ಮಾಡಿ ಕೊಟ್ಟಳು.