ಹಲ್ಲಿನಲ್ಲಿ ಕೇಳಿದ್ದು

ಎಡಗಿವಿ ಹೋದದ್ದು ಯಾವಾಗ, ಹೇಳಲಾರೆ.
ಒಂದು ದಿನ ಬಿದ್ದು ಒಡೆಯುವ ಮಡಕೆಯಲ್ಲ ಕಿವಿ.
ತದಡಿಯ ಅಳಿವೆಯಲ್ಲಿ ಇಳಿಯುವ ನೀರಿನ ಹಾಗೆ
ಬೀಡಿ ಹಚ್ಚುವಾಗ ಅಲ್ಲೇ ಇತ್ತು,
ತಲೆ ಎತ್ತಿದರೆ ಕೆಸರು, ಚಿಪ್ಪು, ವಾಲಿ ನಿಂತ ದೋಣಿ.

ಬಲಗಿವಿಗೂ ಆಮೇಲೆ ಇಳಿತ.

ಯಾರಿಗೂ ಹೇಳಲಿಲ್ಲ.
ಐಸ್ ಫ್ಯಾಕ್ಟರಿಯಲ್ಲಿ ಕಂಪ್ರೆಸರ್ ಕಾಯುವವನಿಗೆ
ಸಂಬಳ ಕೊಡುವುದೇ ಕಿವಿಗೆ.
ಉದ್ದ ಸ್ಕ್ರೂಡ್ರೈವರಿನ ಮೊನೆ ಬೇರಿಂಗಿನ ಮೇಲೆ,
ಹಿಡಿ ಕಿವಿಯ ಮೇಲೆ, ಮೂವತ್ತೊಂದು ವರ್ಷ
ಹೀಗೇ ನಾಡಿ ನೋಡಿದವ ನಾನು.
ಕಿವಿ ಕೈಕೊಟ್ಟ ಮೇಲೆ ಹಿಡಿಯನ್ನು ಹಲ್ಲಲ್ಲಿ ಕಚ್ಚಿದೆ.
ದವಡೆಯ ಎಲುಬು ಹಿಡಿದು ತಲೆಯೊಳಗೆ ಬರುತ್ತಿತ್ತು
ಗುಂಯ್ ಗುಂಯ್.
ಕಂಡವರು ಅಂದರು: ಜಟ್ಟಿ ಅಂಬಿಗನ ಗತ್ತೇ ಬೇರೆ.

ಹೋದ ಜುಲೈ, ಬೋಟುಗಳೆಲ್ಲ ದಡಕ್ಕೆ ಕಟ್ಟಿದ್ದ ಬಂದ್ ದಿನಗಳಲ್ಲಿ
ಹಳಿಯಾಳದ ರೆಜಿನಾ ಸಿದ್ದಿ ಬ್ಯಾಗಿನಿಂದ ತೆಗೆದಳು
ಬೆಂಕಿಪೊಟ್ಟಣದಷ್ಟಿನ ನಾಲ್ಕು ಡಬ್ಬಿ. ಅಡಿಗೆ ಅಯಸ್ಕಾಂತ.
ಟಕ್ಕೆಂದು ಕೂತವು, ಬಂಡೆಗೆ ನೀಲಿಕಲ್ಲು ಕೂತ ಹಾಗೆ.
'ಇದು ನಡುಕ ಓದ್ತದೆ, ಬಿಸಿ ಓದ್ತದೆ.
ನೀವು ಬಣ್ಣ ಓದಿದ್ರೆ ಸಾಕು.'
ಹಸಿರು. ಹಳದಿ. ಕೆಂಪು.
ಕೆಳಗೆ ಕನ್ನಡದಲ್ಲಿ ಒಂದೇ ಸಾಲು,
ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನ
ಹೆಬ್ಬೆರಳಿನಷ್ಟು ದಪ್ಪ ಅಕ್ಷರ.

ಎರಡು ವಾರ ಅದರ ಸಂಗಡ ಮಾತು ಬಿಟ್ಟೆ.
ಪರದೆಯ ಮೇಲೆ ನನ್ನ ಒದ್ದೆ ಪಂಜಿ.

ಆಗಸ್ಟ್ ಬಂತು. ತಾರ್ಲೆಯ ರಾಶಿ.
ಬಾಗಿಲಲ್ಲಿ ಕೇರಳದ ಲಾರಿಗಳ ಸಾಲು,
ಐಸು ಐಸು ಎಂದು ಬಾಯಿ ಆಡಿಸುವವರು.
ಪಂಜಿ ತೆಗೆದರೆ ಹಳದಿ:
'ಎರಡನೇ ಬೇರಿಂಗ್ ಸವೆಯುತ್ತಿದೆ. ಒಂಬತ್ತು ದಿನದೊಳಗೆ ಬದಲಿಸಿ.'

ಸ್ಕ್ರೂಡ್ರೈವರ್ ಕಚ್ಚಿದೆ.
ಗುಂಯ್. ಅದೇ ಹಳೆಯ ಗುಂಯ್.
ಕಣ್ಣು ಮುಚ್ಚಿ, ಈ ಸಲ ದವಡೆಹಲ್ಲಲ್ಲಿ, ಇನ್ನೊಮ್ಮೆ.
ಆ ಗುಂಯ್‌ನ ತಳದಲ್ಲೆಲ್ಲೋ
ಗಂಜಿಯಲ್ಲಿ ಸಿಕ್ಕ ಒಂದು ಹರಳು ಮರಳು:
ಕರ್.
ಇತ್ತೋ, ಇದೆ ಎಂದು ಓದಿದ್ದಕ್ಕೆ ಕೇಳಿತೋ.

ವೆರ್ಣೇಕರ ಸಾಹುಕಾರರು ಪರದೆ ನೋಡಲಿಲ್ಲ.
'ತಿರುಗ್ತಾ ಉಂಟಲ್ಲ, ನಿಲ್ಸುದು ಎಂತಕ್ಕೆ?'
ಮತ್ತೆ ಹತ್ತಿರ ಬಂದು, ತುಟಿ ಬಿಡಿಸಿ:
'ಜಟ್ಟಿ, ನಿನಗೆ ಕೇಳ್ತದ್ಯಾ?'

ಮೂರು ವರ್ಷದಿಂದ ಹೆದರಿ ಕೂತದ್ದು ಈ ಪ್ರಶ್ನೆಗೇ.
'ಇಲ್ಲ ಸಾವ್ಕಾರ್ರೇ. ನನಗೆ ಎಂತದೂ ಕೇಳುದಿಲ್ಲ.
ಆದ್ರೂ ನಿಲ್ಸಿ.'

ನೀರಿಳಿದ ಹೊತ್ತು, ನಾಲ್ಕು ತಾಸು.
ಮಶೀನು ನಿಂತಾಗ ನನಗೆ ಗೊತ್ತಾದದ್ದು ಪಾದಕ್ಕೆ:
ನೆಲ ಇದ್ದಕ್ಕಿದ್ದಂತೆ ಬರೀ ನೆಲವಾಯಿತು.
ಬಿಚ್ಚಿ ಒರೆಸಿ ಬೆಳಕಿಗೆ ಹಿಡಿದರೆ
ಉಂಗುರದ ಒಳಮೈಯಲ್ಲಿ ರಾಗಿಕಾಳಿನಷ್ಟು ಗುಳಿ.
'ಇಷ್ಟಕ್ಕಾ?' ಅಂದರು ಸಾಹುಕಾರರು.

ಹೌದು, ಇಷ್ಟಕ್ಕೇ.
ಏಳು ವರ್ಷದ ಹಿಂದೆ ಇಷ್ಟೇ ಒಂದು ಗುಳಿ
ಬೇರಿಂಗನ್ನು ಸಿಡಿಸಿ, ಶಾಫ್ಟು ಓಲಾಡಿ, ಸೀಲು ಬಿಟ್ಟು
ಅಮೋನಿಯ ಹೊರಬಿದ್ದ ರಾತ್ರಿ
ಒದ್ದೆ ಬಟ್ಟೆ ಮುಖಕ್ಕೊತ್ತಿ ನಾವು ಸಮುದ್ರದ ಕಡೆ ಓಡಿದ್ದು,
ಸುಕ್ರುವಿನ ಕಣ್ಣು ಇವತ್ತಿಗೂ ಬಿಸಿಲು ತಾಳದ್ದು,
ಲಾರಿಗಟ್ಟಲೆ ಮೀನು ತೆಂಗಿನ ಬುಡಕ್ಕೆ ಹೋದದ್ದು.
ಅದಕ್ಕೆ ಪೇಪರಿನಲ್ಲಿ ಫೋಟೋ ಬಂದಿತ್ತು.
ಆಗದೇ ಉಳಿದದ್ದರ ಫೋಟೋ ಯಾರು ತೆಗೆಯುತ್ತಾರೆ?
ಮರುದಿನವೂ ಲಾರಿಗಳು ಬಂದವು. ತುಂಬಿದವು. ಹೋದವು.

ರೆಜಿನಾ ಒಂದು ಚೀಟಿ ಬರೆದುಕೊಟ್ಟಳು,
ಕುಮಟೆಯ ಕಿವಿ ಡಾಕ್ಟರ ಹೆಸರು.
ಸೋಮವಾರ ಹೋಗಬೇಕು, ಅಂತ ನಾಲ್ಕು ಸೋಮವಾರವಾಯಿತು.

ಆ ಹಳೆಯ ಬೇರಿಂಗ್ ಮನೆಗೆ ತಂದಿಟ್ಟೆ.
ಪಕ್ಕದ ಮನೆಯ ಮಂಜಿ, ಐದು ವರ್ಷದವಳು,
ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ, ಕಿವಿಗಿಟ್ಟು
ಏನೋ ಅಂದಳು.
'ಬೆಳಕಿಗೆ ಬಂದು ಹೇಳು' ಅಂದೆ.
ಬಂದಳು. ಒಂದೊಂದೇ ಅಕ್ಷರ ತುಟಿಯಲ್ಲಿ ಜೋಡಿಸಿ ಓದಿಕೊಂಡೆ:

ಅಜ್ಜಾ, ಇದ್ರೊಳಗೆ ಮರಳುಂಟು.