ಅಗಲ

ಐಮಂಗಲ ದಾಟಿದ ಮೇಲೆ, ರಾತ್ರಿ ಹನ್ನೊಂದರ ಸುಮಾರಿಗೆ,
ನಮ್ಮ ಬಸ್ಸಿನ ಹಿಂದಿನ ಬಲಮೂಲೆಗೆ
ಒಂದು ಬೈಕು ಸವರಿಕೊಂಡು ಬಿತ್ತು.
ಹುಡುಗನಿಗೆ ಹೆಚ್ಚೇನೂ ಆಗಲಿಲ್ಲ. ಮೊಣಕೈ ತರಚಿತ್ತು, ಕನ್ನಡಿ ಒಡೆದಿತ್ತು.
ಡಿವೈಡರಿನ ಮೇಲೆ ಕೂತು ನಮ್ಮ ಬಾಟಲಿಯ ನೀರು ಕುಡಿದು
ನಮ್ಮನ್ನೇ ಬೈದ:
"ನಿಮ್ ಬಸ್ಸು ಎಲ್ಲಿಗೆ ಮುಗೀತದೆ ಅಂತ
ಕತ್ಲಲ್ಲಿ ಯಾರಿಗ್ ಗೊತ್ತಾಗ್ಬೇಕ್ರೀ?"

ಬಸ್ಸಿನಲ್ಲಿ ಉಳಿದಿರುವುದು ಎರಡೇ ಸೀಟು.
ಆ ಮಾತು ಹಿರಿಯೂರಿನ ತನಕ
ನನ್ನ ತೊಡೆಯ ಮೇಲೆ ಕೂತು ಬಂತು.

ಮೊದಲು ಸರ್ಕಾರದ್ದು, ಆಮೇಲೆ ಯಾವುದೋ ಶಾಲೆಯದು,
ಹರಾಜಿನಲ್ಲಿ ಹಿಡಿದ ಮೇಲೆ ಜೇನುಗಳದ್ದು.
ಸೀಟು ಕಿತ್ತು ಹಲಗೆ ಹೊಡೆದು ಅರವತ್ತು ಪೆಟ್ಟಿಗೆ ಕೂರಿಸಿದ್ದೇವೆ,
ಕಿಟಕಿಗೆಲ್ಲ ಬಲೆ.
ಹುಳಗಳು ಗೂಡಿಗೆ ಮರಳಿದ ಮೇಲೇ ನಮ್ಮ ಓಡಾಟ:
ಹಿರಿಯೂರಿನ ದಾಳಿಂಬೆಗೆ, ಚಳ್ಳಕೆರೆ ಕಡೆಯ ಸೂರ್ಯಕಾಂತಿಗೆ.
ಮುಂದಿನ ಬೋರ್ಡಿನಲ್ಲಿ 'ಪಾವಗಡ' ಇನ್ನೂ ಅಳಿಸಿಲ್ಲ.
ಕೆಲವರು ಕೈ ಅಡ್ಡ ಹಿಡಿಯುತ್ತಾರೆ.
ಪಾಲಯ್ಯ ನಿಲ್ಲಿಸುತ್ತಾನೆ,
ಒಳಗಿನ ಗುಂಯ್ ಕೇಳಿಸಿ ಅವರೇ ಹಿಂದೆ ಸರಿಯುತ್ತಾರೆ.

ದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ಚಮನ್ ಸಾಬರ ಶೆಡ್ಡು.
ಏಣಿ ಹಾಕಿ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು
ಒಂದೊಂದೇ ಹಳೆಯ ದೀಪ ಬಿಚ್ಚಿ ನನ್ನ ಸೆರಗಿಗೆ ಹಾಕಿದರು.
ತುಕ್ಕು ತಿಂದ ಹೋಲ್ಡರು, ಕರಿ ಹಿಡಿದ ಬಲ್ಬು,
ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿದ ಗಾಜು.
"ಹೆಡ್‌ಲೈಟು ನಾವು ನೋಡೋಕೆ, ತಾಯಿ.
ಇವು ನಮ್ಮನ್ನ ನೋಡೋಕೆ.
ಇವಕ್ಕೆ ದುಡ್ಡು ಹಾಕೋಕೆ ಯಾರಿಗೂ ಮನಸ್ಸಿಲ್ಲ."

ಹೊಸದು ಎಲ್‌ಇಡಿ. ಹಳೆಯ ತೂತಿಗೆ ಹೊಂದಲಿಲ್ಲ.
ಹೊಸ ತೂತು ಕೊರೆದು, ಹಳೆಯದಕ್ಕೆ ತಗಡು ಬಡಿದು
ಮಳೆನೀರು ಇಳಿಯದಂತೆ ಗೋಂದು ಮೆತ್ತಿದರು.
ಹತ್ತು ಉರಿದವು. ಒಂದು ಉರಿಯಲಿಲ್ಲ.
"ಅರ್ತ್ ಸಿಕ್ತಿಲ್ಲ" ಅಂದರು.
ಅರ್ತ್ ಅಂದರೆ ನೆಲ ಅಂದುಕೊಂಡಿದ್ದೆ.
ಇಲ್ಲಿ ಬಸ್ಸಿನ ಮೈಯೇ ನೆಲವಂತೆ,
ಒಂದು ತಂತಿಯಲ್ಲಿ ಬಂದದ್ದು ಮೈಯೊಳಗೇ ತಿರುಗಿ ಹೋಗಬೇಕಂತೆ.
ಐದು ರೂಪಾಯಿಯ ನಾಣ್ಯದಿಂದ ಕೆರೆದರು:
ನಮ್ಮ ಬಿಳಿ, ಶಾಲೆಯ ಹಳದಿ, ಸರ್ಕಾರದ ಕೆಂಪು,
ಅದರಡಿ ಯಾವ ಮಾಲೀಕನೂ ನೋಡದ ತಗಡಿನ ಹೊಳಪು.
ಉರಿಯಿತು.

ಹನ್ನೆರಡನೆಯದು ಹಿಂದಿನ ಬಲಮೂಲೆಯದು,
ಆ ಹುಡುಗ ಬಿದ್ದ ಮೂಲೆಯದು.
ಗಾಜು ಒಡೆದ ಆ ಡಬ್ಬಿಯೊಳಗೆ ಬಲ್ಬಿನ ಜಾಗದಲ್ಲಿ
ಕುಂಬಾರ ಹುಳ ಮಣ್ಣಿನ ಮನೆ ಕಟ್ಟಿ ಬಾಗಿಲು ಮೆತ್ತಿತ್ತು.
ಮಣ್ಣು ಇನ್ನೂ ಹಸಿ.
ಸಾಬರು ಸ್ಕ್ರೂಡ್ರೈವರ್ ಎತ್ತಿದರು.
ಪಾಲಯ್ಯ ಕೆಳಗಿನಿಂದ, "ಇರಲಿ ಬಿಡಿ" ಅಂದ.
"ಜೇನಲ್ಲ ಮಾರಾಯಾ, ಇದರಿಂದ ನಿಂಗೇನು ಬರ್ತದೆ?"
ಅವನು ಬೀಡಿ ಹಚ್ಚಿದ. ಉತ್ತರ ಕೊಡಲಿಲ್ಲ.

ಸಾಬರು ಗೊಣಗಿದರು. ಟೇಪು ಹಿಡಿದರು.
ಗೂಡು ಬಿಟ್ಟು ಒಂದು ಗೇಣು ಕೆಳಗೆ,
ಅದೇ ಅಂಚಿಗೆ, ಒಂದು ನೂಲೂ ಒಳಗೆ ಬಾರದಂತೆ ಕೂರಿಸಿದರು.
"ಎತ್ತರದಲ್ಲಿ ಸುಳ್ಳು ಹೇಳಬಹುದು.
ಅಗಲದಲ್ಲಿ ಬೇಡ."

ಆ ರಾತ್ರಿ ಚಳ್ಳಕೆರೆ ದಾರಿಯಲ್ಲಿ ಬಸ್ಸು ನಿಲ್ಲಿಸಿ
ನಾನು ಇಳಿದು ಹಿಂದೆ ಹಿಂದೆ ನಡೆದೆ,
ಗುಂಯ್ ಕೇಳದಷ್ಟು ದೂರ.
ಜೇನಿಗೆ ಕೆಂಪು ಕಾಣುವುದಿಲ್ಲ.
ಮೈತುಂಬ ದೀಪ ಹೊತ್ತ ಬಸ್ಸಿನ ಹಿಂಬದಿ
ಅವಕ್ಕೆ ಬರೀ ಕತ್ತಲು.
ದೂರದ ಗುಡ್ಡದ ನೆತ್ತಿಯಲ್ಲಿ ಗಾಳಿಗಿರಣಿಗಳ ಕೆಂಪು
ಒಟ್ಟಿಗೇ ಹೊತ್ತಿ, ಒಟ್ಟಿಗೇ ಆರುತ್ತಿತ್ತು.
ಗುಡ್ಡಕ್ಕೂ ಯಾರೋ ಏಣಿ ಹಾಕಿ ಹತ್ತಿರಬೇಕು.

"ಕಾಣ್ತದಾ?" ಪಾಲಯ್ಯ ಕೂಗಿದ.
"ಬಸ್ಸು ಕಾಣಲ್ಲ" ಅಂದೆ.
"ಅಗಲ ಕಾಣ್ತದೆ.
ಬಲಗಡೆದು ಒಂಚೂರು ಕುಳ್ಳು."