ಯಾರ ಪೈಕಿ

ಎತ್ತಿನಗುಡ್ಡದ ದಾರಿಗೆ ಇವತ್ತು ಮೂರು ಮನಿ ನೋಡಿದೆ.
ನೀರು ಎಂಟು ದಿವಸಕ್ಕೊಮ್ಮೆ, ಅಡ್ವಾನ್ಸು ಇಪ್ಪತ್ತು ಸಾವಿರ.
ಮೂರೂ ಕಡೆ ಚಹಾ ಕೊಟ್ಟರು, ಮೂರೂ ಕಡೆ
ಕಪ್ಪು ತುಟಿಗೆ ಹತ್ತೂದರೊಳಗ ಕೇಳಿದರು:
‘ಮತ್ತ ತಾವು... ಯಾರ ಪೈಕಿ?’

ಈಗ ರಾತ್ರಿ ಒಂಬತ್ತೂವರಿ.
ಲ್ಯಾಬಿನ್ಯಾಗ ನಾನು, ಫಕ್ಕೀರೇಶ, ಗುಂಯ್‌ಗುಡೂ ಫ್ರೀಜರು.
ಪರದೆ ಮ್ಯಾಲೆ ಬ್ಯಾಡಗಿ ಮೆಣಸಿನಕಾಯಿಯ ನಾಕನೇ ವರ್ಣತಂತು,
ಕೆಂಪಿನ ಗುಟ್ಟು ಒಂದಿಷ್ಟು ಇಲ್ಲಿ ಐತಿ ಅಂತಾರ.
ನಮಗ ಕಾಣೂದು ಬರೇ ಪೆಟ್ಟಿಗಿ.
ಎಲ್ಲಾ ಒಂದ ನೀಲಿ, ದಿಕ್ಕಿಗೊಂದು,
ಸಂತಿ ಎದ್ದ ಮ್ಯಾಲೆ ಬಯಲಾಗ ಉಳದ ಕಲ್ಲಿನಂಗ.

‘ಮಗ್ಗಲ ಮಗ್ಗಲ ಇದ್ದುದನ್ನ ಒಂದ ಗುಂಪು ಮಾಡಲೇನ್ರಿ ಮೇಡಂ?’

ಬ್ಯಾಡಪಾ. ಇದು ಬಲಕ್ಕ ಓದೂದು, ಅದು ಎಡಕ್ಕ.
ಗ್ವಾಡಿಗೆ ಗ್ವಾಡಿ ಹತ್ತಿದರೂ ಅವೆರಡರ ನಡುವ ಮಾತಿಲ್ಲ.
ಅಲ್ಲಿ ನೋಡು, ನಾಕು ಸಾವಿರ ಅಕ್ಷರ ದಾಟಿ
ಒಂದ ನಿಂತೈತೆಲಾ ಸಣ್ಣದು,
ಅದು ಇದರ ಪೈಕಿ.

ಅಂದವಳು ನಾನ. ನಾಲಿಗಿ ಕಚ್ಚಿಕೊಂಡೆ.

ಕಡತದ ಒಂಬತ್ತನೇ ಕಾಲಮ್ಮಿನ್ಯಾಗ
ಒಂದೊಂದು ತುಣುಕಿಗೂ ಹೆತ್ತವರ ಹೆಸರು ಬರೀಬೇಕು.
‘ತಾಯಿ ಅನ್ನೂಣ್ರಿ’ ಅಂದ ಫಕ್ಕೀರೇಶ.
ಅವನನ್ನ ಸಾಕಿದಾಕಿ ಮಾಬುಬಿ, ಬ್ಯಾಡಗಿ ಪ್ಯಾಟ್ಯಾಗ
ತೊಟ್ಟು ಮುರಿಯೂ ಕೆಲಸ. ಗುಡ್ಡಿ ಕಡೆ ನೋಡೂದಿಲ್ಲಂತ,
ಬಾಯಿ ಮಾತಾಡತಿರತೈತಿ, ಕೈ ಆರಸತಿರತೈತಿ:
ಡಬ್ಬಿ ಬ್ಯಾರೆ, ಕಡ್ಡಿ ಬ್ಯಾರೆ, ನೀರು ಬಡದದ್ದು ಬ್ಯಾರೆ.
ಸಂಜಿಮುಂದ ಆ ಕೈಲೆ ಅವನ ಮುಖ ಮುಟ್ಟತಿರಲಿಲ್ಲ,
ಉರೀತೈತಿ ಅಂತ. ಮಣಕಟ್ಟಿನಿಂದ ತಲಿ ಸವರತಿದ್ದಳು.

ಹೆಸರು ತುಂಬಿ ಮತ್ತ ತೆರೆದ್ವಿ.
ಏಳು ಪೆಟ್ಟಿಗಿ ಎದ್ದು ಒಂದ ಸಾಲಿಗೆ ಬಂದವು,
ನಡುವ ಕೂದಲೆಳಿಯಂಥ ಗೆರಿ,
ಗೆರಿ ತುಂಬ ಸಣ್ಣ ಸಣ್ಣ ಬಾಣ, ಎಲ್ಲಾ ಬಲಕ್ಕ.
ಫಕ್ಕೀರೇಶ ಸಿಳ್ಳು ಹಾಕಿದ.

ಒಂದು ಉಳೀತು. ಕಾಲಂ ಖಾಲಿ.
ಕೆಳಗ, ತನ್ನ ಪಾಡಿಗೆ ತಾನು, ಗೆರಿ ಇಲ್ಲದ.
ಅಳಸಿಬಿಡು, ನಾಳೆ ಸರ್ ನೋಡಿದರ ಬೈತಾರ, ಅಂದೆ.
‘ಇರಲಿ ಬಿಡ್ರಿ’ ಅಂದ. ‘ಯಾರದೋ ಗೊತ್ತಿಲ್ಲ,
ಜಾಗ ಅಂತೂ ಖರೇ ಐತಿ.’

ಫೋನು. ಮೂರನೇ ಮನಿಯವರು.
‘ಅಲ್ರಿ, ಆಗ ಕೇಳಿದ್ದಕ್ಕ ನೀವು ಏನೂ ಹೇಳಲಿಲ್ಲ...’

ಮೆಣಸಿನಕಾಯಿ ಪೈಕಿ, ಅಂದೆ.

ಆ ಕಡೆ ಟಿವಿಯ ಸಪ್ಪಳ, ಯಾರೋ ಕುಕ್ಕರ್ ಇಳಿಸಿದರು.
‘ಅಂದರ?’